ಸೊಟ್ಟ ಕೋಣೆಯಲ್ಲಿ ಕೊಂಡಮ್ಮ

ಜಂಗಮಕೋಟೆಯಲ್ಲಿ ಕೊಂಡಮ್ಮನ ಬೆನ್ನುನೋವಿಗೆ ಮದ್ದು ಹೇಳದವರೇ ಇರಲಿಲ್ಲ. ಹರಳೆಣ್ಣೆ ತಿಕ್ಕು ಎಂದವರು, ಹುರುಳಿ ಗಂಟಿನ ಶಾಖ ಕೊಡು ಎಂದವರು, ನಾಟಿ ಕೋಳಿ ಸಾರು ಕುಡಿ ಎಂದವರು, ಎಲ್ಲರೂ ಒಂದೊಂದು ಹೇಳಿ ಪುಣ್ಯ ಕಟ್ಟಿಕೊಂಡಿದ್ದರು. ಪಕ್ಕದ ಮನೆಯ ಅಕ್ಕಯಮ್ಮನಂತೂ ಯಾರದೋ ಕೈಯಲ್ಲಿ ಮುಲಾಮು ತರಿಸಿ ಕೊಟ್ಟಿದ್ದಳು. ಹೆಗಲು ಮುಂದಕ್ಕೆ ತಂದು, ಕತ್ತು ಒಳಕ್ಕೆ ಎಳೆದುಕೊಂಡು, ಬಿದ್ದ ಕಾಸು ಹುಡುಕುವವಳ ಹಾಗೆ ಕೊಂಡಮ್ಮ ನಡೆಯುವುದನ್ನು ನೋಡಿದರೆ ಯಾರಿಗಾದರೂ ಅಯ್ಯೋ ಅನ್ನಿಸುವುದೇ. ಚಿಂತಾಮಣಿಯಲ್ಲಿ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದ ಮಗಳು ತನುಜ ಅಮ್ಮನನ್ನು ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇಂಥ ಗಟ್ಟಿ ಬೆನ್ನು ನನಗಿದ್ದಿದ್ದರೆ ಚೆನ್ನಾಗಿತ್ತು ಎಂದರು. ಕೊಂಡಮ್ಮ ತಲೆ ತಗ್ಗಿಸಿ ನಕ್ಕಳು. ಆಕೆಗೆ ನೋವೇನೂ ಇರಲಿಲ್ಲ. ಇದ್ದದ್ದು ಎತ್ತರ. ಆ ಮಾತನ್ನು ಆಕೆ ಯಾರಿಗೂ ಹೇಳಿರಲಿಲ್ಲ.

ಆ ಎತ್ತರದ ಕಥೆ ತೊಟ್ಟಿಲಿನಿಂದಲೇ ಶುರುವಾಗುತ್ತದೆ. ಕೊಂಡಮ್ಮ ಹುಟ್ಟಿದ ದಿನ ಅವಳ ಅಜ್ಜಿ ತೊಟ್ಟಿಲ ಪಕ್ಕ ನಿಂತು, ಇದು ನಮ್ಮ ಗಂಗುಲಪ್ಪನ ಹೆಂಡತಿ ಎಂದು ತೀರ್ಮಾನ ಹೇಳಿಬಿಟ್ಟಳು. ಗಂಗುಲಪ್ಪ ಎಂದರೆ ಅಜ್ಜಿಯ ಕೊನೆಯ ಮಗ, ಕೂಸಿನ ಸೋದರಮಾವ. ಆಗಿನ್ನೂ ಬೀದಿಯಲ್ಲಿ ಗೋಲಿ ಆಡುತ್ತಿದ್ದ ಹುಡುಗ. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ಹೆಣ್ಣಿನ ಗುಣ ಗೊತ್ತು, ಮನೆತನ ಗೊತ್ತು, ಅವರ ಸಾರಿನ ಖಾರ ಎಷ್ಟು ಅನ್ನುವುದೂ ಗೊತ್ತು. ಗೊತ್ತಾಗದೆ ಉಳಿಯುವುದು ಒಂದೇ, ತೊಟ್ಟಿಲಲ್ಲಿ ಮಲಗಿರುವುದು ಎಷ್ಟುದ್ದ ಬೆಳೆಯುತ್ತದೆ ಎಂಬುದು.

ಕೊಂಡಮ್ಮ ಬೆಳೆದಳು. ಬೆಳೆಯುತ್ತಲೇ ಹೋದಳು. ಅಜ್ಜಿಗೆ ಗಾಬರಿಯಾಗಿ, ತಲೆ ಮೇಲೆ ಭಾರ ಹೊತ್ತರೆ ಬೆಳವಣಿಗೆ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ತೋಟದಿಂದ ಬರುವ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನೆಲ್ಲ ಆ ಹುಡುಗಿಯ ತಲೆಗೇ ಹೊರಿಸಿದಳು. ಬೆಳವಣಿಗೆ ನಿಲ್ಲಲಿಲ್ಲ, ಕತ್ತು ಗಟ್ಟಿಯಾಯಿತು ಅಷ್ಟೆ. ಧಾರೆಯ ಹೊತ್ತಿಗೆ ಗಂಗುಲಪ್ಪ ಅವಳ ಕಿವಿಯ ಮಟ್ಟಕ್ಕೆ ಬರುತ್ತಿದ್ದ, ಅದೂ ತಲೆಗೆ ಪೇಟ ಇದ್ದದ್ದರಿಂದ. ಆದರೂ ಅವಳಿಗೆ ಅವನೆಂದರೆ ಪ್ರಾಣ. ಚಿಕ್ಕಂದಿನಲ್ಲಿ ಜಾತ್ರೆಗೆ ಹೆಗಲ ಮೇಲೆ ಕೂರಿಸಿಕೊಂಡು ಹೋದವನು ಅವನೇ ತಾನೇ.

ಮದುವೆಯಾದ ಹೊಸದರಲ್ಲಿ ಇಬ್ಬರೂ ಶಿಡ್ಲಘಟ್ಟದ ಒಂದು ಸ್ಟುಡಿಯೊಗೆ ಫೋಟೊ ತೆಗೆಸಿಕೊಳ್ಳಲು ಹೋದರು. ಫೋಟೊದವನು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ತಲೆ ಕೆರೆದುಕೊಂಡು, ಒಳಗಿನಿಂದ ಒಂದು ಮಣೆ ತಂದು ಗಂಗುಲಪ್ಪನ ಕಾಲ ಬುಡಕ್ಕಿಟ್ಟ. ಅಲ್ಲೇ ಬೆಂಚಿನ ಮೇಲೆ ಕೂತಿದ್ದ ಜಂಗಮಕೋಟೆಯವನೇ ಆದ ಬಯ್ಯಪ್ಪ, ಮಣೆ ಸಾಲದು, ಏಣಿ ತರಿಸಿ ಎಂದ. ಗಂಗುಲಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗೇಬಿಟ್ಟ. ಅವರು ಬಸ್ಸಿಳಿಯುವ ಮೊದಲೇ ಮಾತು ಊರು ಸೇರಿತ್ತು. ಆಮೇಲೆ ವರ್ಷಗಟ್ಟಲೆ ಊರಿನಲ್ಲಿ ಯಾರೇ ಏಣಿ ಕೇಳಲಿ, ಗಂಗುಲಪ್ಪನಿಗಾ ಎಂದು ಒಬ್ಬರಾದರೂ ಕೇಳುತ್ತಿದ್ದರು. ಅವತ್ತಿನಿಂದ ಅವನು ಹೆಂಡತಿಯ ಪಕ್ಕ ನಡೆಯಲಿಲ್ಲ, ಯಾವಾಗಲೂ ಒಂದಷ್ಟು ಮುಂದೆ. ಅವತ್ತಿನಿಂದಲೇ ಕೊಂಡಮ್ಮನೂ ಬಗ್ಗಿದಳು. ಯಾರೂ ಬಗ್ಗು ಎಂದಿರಲಿಲ್ಲ.

ತನುಜಳ ಮದುವೆ ಗೌರಿಬಿದನೂರಿನ ಕಡೆ ಗೊತ್ತಾದ ವರ್ಷದ ಬೇಸಿಗೆ ರಜೆಯಲ್ಲಿ ಅವಳ ಸ್ಕೂಲಿನ ಟೀಚರುಗಳೆಲ್ಲ ಮನೆಯವರನ್ನು ಕಟ್ಟಿಕೊಂಡು ತಿರುಪತಿ, ಮದ್ರಾಸು, ಮಹಾಬಲಿಪುರಕ್ಕೆ ಟೂರು ಹೊರಟರು. ಸಾಕಿದ ರೇಷ್ಮೆಹುಳ ಬಿಟ್ಟು ತಾನು ಎಲ್ಲಿಗೂ ಬರುವುದಿಲ್ಲ ಎಂದು ಗಂಗುಲಪ್ಪ ರಾಗ ತೆಗೆದ. ಆದರೆ ರೇಷ್ಮೆ ಗೂಡು ಆಗಷ್ಟೇ ಮಾರುಕಟ್ಟೆ ಸೇರಿ, ಹುಳದ ಮನೆ ತೊಳೆದು ಒಣಗಲು ಬಿಟ್ಟಿದ್ದರಿಂದ ಆ ನೆಪ ನಡೆಯಲಿಲ್ಲ. ಹೊರಡುವ ಮುಂಚೆ ತನುಜ ಅಮ್ಮನನ್ನು ಒಲೆಯ ಹತ್ತಿರ ಹಿಡಿದು ನಿಲ್ಲಿಸಿದಳು.

"ಅಮ್ಮ, ಆ ಮನೆಗೆ ಹೋಗೋವಾಗ ನೀನೂ ಅಪ್ಪನೂ ಒಟ್ಟಿಗೆ ನಿಂತಿರೋ ಫೋಟೊ ಒಂದು ತಗೊಂಡ್ ಹೋಗ್ಬೇಕು ನಾನು. ನಮ್ಮನೇಲಿ ಒಂದೂ ಇಲ್ಲ. ಅಷ್ಟು ಮಾಡಮ್ಮ ಸಾಕು."

ಆಗಲಿ ಎಂದಳು ಕೊಂಡಮ್ಮ. ಮಗಳ ಆಸೆ ಒಂದು ಕಡೆ ಇರಲಿ, ಆಕೆಗೇ ಆ ಫೋಟೊ ಬೇಕಾಗಿತ್ತು. ಎಷ್ಟು ವರ್ಷದಿಂದ ಬೇಕಾಗಿತ್ತು ಎಂಬುದು ಮಗಳು ಕೇಳಿದ ಮೇಲೆ ಅವಳಿಗೇ ಗೊತ್ತಾಯಿತು.

ಸಮುದ್ರ ನೋಡಿದ್ದೇ ತಡ, ಗಂಗುಲಪ್ಪ ಮಗುವಾದ. ಪಂಚೆ ಮೇಲೆ ಕಟ್ಟಿ ಅಲೆಗೆ ಎದುರು ಓಡಿದ, ಬಿದ್ದ, ಎದ್ದ, ಉಪ್ಪುನೀರು ಉಗಿದು ನಕ್ಕ. ತನುಜಳ ಕೈಯಲ್ಲಿ ಹೊಸ ಡಿಜಿಟಲ್ ಕ್ಯಾಮೆರಾ ಇತ್ತು. ಆದರೆ ಅವಳು ಅದನ್ನು ಮೇಲೆತ್ತಿ, ಅಪ್ಪ, ಅಮ್ಮನ ಪಕ್ಕ ನಿಂತ್ಕೊ ಅನ್ನುವಷ್ಟರಲ್ಲಿ ಅವನಿಗೆ ದೂರದ ದೋಣಿ ನೋಡಬೇಕಾಗಿ ಬರುತ್ತಿತ್ತು, ಇಲ್ಲವೆ ಬೀಡಿಗೆ ಬೆಂಕಿ ಬೇಕಾಗುತ್ತಿತ್ತು. ಎರಡು ದಿನವೂ ಹೀಗೇ. ಅವನು ಮರಳಿನ ಮೇಲೆ ಮುಂದೆ ಮುಂದೆ ಹೋಗುತ್ತಿದ್ದ, ಕೊಂಡಮ್ಮ ಅವನ ಹೆಜ್ಜೆ ಗುರುತನ್ನು ನೋಡಿಕೊಂಡು ಬಗ್ಗಿ ಹಿಂದೆ ಬರುತ್ತಿದ್ದಳು. ಮಗಳಿಗೆ ಕೊಟ್ಟ ಮಾತು ನೀರಿಗೆ ಬಿತ್ತು ಎಂದು ಅವಳಿಗೆ ಅಳು ಬಂದ ಹಾಗಾಯಿತು.

ಕೊನೆಯ ದಿನ ಮಧ್ಯಾಹ್ನ ಬಿಸಿಲು ತಾಳಲಾರದೆ ಎಲ್ಲರೂ ಸಮುದ್ರದ ದಂಡೆಯ ಒಂದು ದೊಡ್ಡ ಶೆಡ್ಡಿನೊಳಗೆ ನುಗ್ಗಿದರು. ಒಂದು ಕಾಲಕ್ಕೆ ಮೀನಿಗೆ ಐಸು ಮಾಡುತ್ತಿದ್ದ ಶೆಡ್ಡಂತೆ ಅದು. ಈಗ ಅದರ ಗೋಡೆ, ನೆಲ, ಸೂರಿನ ತುಂಬ ಕಣ್ಣಿಗೆ ಮೋಸ ಮಾಡುವ ಚಿತ್ರಗಳು. ನೋಡಿ ಮುಂದೆ ಹೋಗುವ ಚಿತ್ರಗಳಲ್ಲ, ಅದರೊಳಗೆ ತಾವೇ ನಿಂತು, ಕೂತು, ನೇತಾಡಿ ಫೋಟೊ ತೆಗೆಸಿಕೊಳ್ಳುವಂಥವು. ಅದನ್ನು ನೋಡಿಕೊಳ್ಳುತ್ತಿದ್ದ ನರೆಗಡ್ಡದ ಹಿರಿಯರು ಚಿತ್ತೂರಿನ ಕಡೆಯವರು. ಇವರ ತೆಲುಗು ಬೆರೆತ ಮಾತಿನ ವಾಸನೆ ಹಿಡಿದು ತೆಲುಗಿನಲ್ಲೇ ಮಾತಾಡಿಸಿದ್ದರಿಂದ ಗಂಗುಲಪ್ಪನಿಗೆ ನೆಂಟರ ಮನೆಗೆ ಬಂದಷ್ಟು ಸಲೀಸಾಯಿತು. ಚಪ್ಪಲಿ ಹೊರಗೆ ಬಿಟ್ಟು ಬನ್ನಿ, ಬಣ್ಣ ಹಾಳಾಗುತ್ತದೆ ಎಂದರು ಅವರು.

ಬಾಗಿಲ ಒಳಗೆ ಕಾಲಿಟ್ಟ ಕೂಡಲೇ ನೆಲದಲ್ಲಿ ಒಂದು ನೀರಿನ ತೊಟ್ಟಿ. ತಿಳಿನೀರು, ತಳದಲ್ಲಿ ಕಲ್ಲು, ಅಂಚಿನಲ್ಲಿ ಪಾಚಿ. ಎಲ್ಲವೂ ಬಣ್ಣದಲ್ಲಿ ಬರೆದದ್ದು. ಬಂದವರೆಲ್ಲ ಹೌಹಾರಿ ಹಿಂದಕ್ಕೆ ನೆಗೆಯಲಿ, ನಗಾಡಲಿ ಎಂದು ಅದನ್ನು ಅಲ್ಲಿ ಬರೆಸಿದ್ದರು. ಟೀಚರುಗಳೆಲ್ಲ ಲೆಕ್ಕದ ಪ್ರಕಾರ ಹೌಹಾರಿ ನೆಗೆದರು. ಗಂಗುಲಪ್ಪ ಮಾತ್ರ ಗಂಭೀರವಾಗಿ ಪಂಚೆ ಎತ್ತಿ, ಬಲಗಾಲು ಅದ್ದಿದ, ಎಡಗಾಲು ಅದ್ದಿದ, ಹಿಂದಕ್ಕೆ ತಿರುಗಿ ಹೆಂಡತಿಗೂ ಕಾಲು ಅದ್ದಿಕೊಂಡು ಬರಲು ಹೇಳಿದ. ಕೊಂಡಮ್ಮನೂ ಸೀರೆಯ ನೆರಿಗೆ ಎತ್ತಿ ಎರಡೂ ಪಾದ ಅದ್ದಿ, ನೀರು ಒದರಿ ಆಚೆ ನಿಂತಳು. ಪಾದ ಒಣಗಿಯೇ ಇತ್ತು.

ಹುಳ ಸಾಕುವವರ ಮನೆಯಲ್ಲಿ ಇದೇ ರೂಢಿ. ಚಪ್ಪಲಿ ಹೊರಗೆ ಬಿಡಬೇಕು, ಬಾಗಿಲಲ್ಲಿಟ್ಟ ಬ್ಲೀಚಿಂಗ್ ಪೌಡರಿನ ನೀರಿಗೆ ಕಾಲು ಅದ್ದಬೇಕು, ಆಮೇಲೆ ಹುಳದ ಹತ್ತಿರ ಹೋಗಬೇಕು. ಇಲ್ಲದಿದ್ದರೆ ಹುಳಕ್ಕೆ ರೋಗ. ಜನ್ಮಪೂರ್ತಿ ಹಾಗೆ ಮಾಡಿದ ಕಾಲಿಗೆ ಬರೆದ ನೀರೇನು, ಸುರಿದ ನೀರೇನು. ಇಷ್ಟು ವರ್ಷದಲ್ಲಿ ಈ ತೊಟ್ಟಿಯಲ್ಲಿ ಕಾಲು ತೊಳೆದವರು ನೀವೇ ಮೊದಲು ಎಂದು ಹಿರಿಯರು ಗೋಡೆ ಹಿಡಿದುಕೊಂಡು ನಕ್ಕರು. ಗಂಡ ಹೆಂಡತಿ ಒಬ್ಬರ ಪಾದ ಒಬ್ಬರು ನೋಡಿಕೊಂಡು ಅವರಿಗಿಂತ ಜೋರಾಗಿ ನಕ್ಕರು.

ಆ ನಗು ಗಂಗುಲಪ್ಪನ ಬಿಗಿಯನ್ನೆಲ್ಲ ಸಡಿಲಿಸಿತು. ಹುಲಿಯ ಬಾಯೊಳಗೆ ತಲೆಯಿಟ್ಟು ಕೂಗಿದ. ಗೋಡೆಯ ಮೇಲಿನ ಜಲಪಾತಕ್ಕೆ ಬೊಗಸೆಯೊಡ್ಡಿದ. ಕೊಂಡಮ್ಮ ಒಂದು ರಾಕ್ಷಸನ ಅಂಗೈ ಮೇಲೆ ಕೂತು ಎಲೆ ಅಡಿಕೆ ಮೆಲ್ಲುವವಳ ಹಾಗೆ ಪೋಸು ಕೊಟ್ಟಳು. ಇಷ್ಟಾದರೂ ಎಲ್ಲವೂ ಒಬ್ಬೊಬ್ಬರೇ ನಿಂತ ಫೋಟೊಗಳು.

ಕೊನೆಗೆ ಸಿಕ್ಕಿದ್ದು ಸೊಟ್ಟ ಕೋಣೆ. ಮುಂದಿನ ಗೋಡೆಯ ಕಿಂಡಿಯಿಂದ ನೋಡಿದರೆ ಅಚ್ಚುಕಟ್ಟಾದ ಚೌಕದ ಕೋಣೆ. ಒಳಗೆ ಹೋದರೆ ನೆಲ ಓರೆ, ಸೂರು ಓರೆ, ಒಂದು ಮೂಲೆ ಹತ್ತಿರ, ಇನ್ನೊಂದು ಎಲ್ಲೋ ದೂರ. ಹತ್ತಿರದ ಮೂಲೆಯಲ್ಲಿ ನಿಂತವರು ಭೂತಾಕಾರ ಕಾಣುತ್ತಾರೆ, ದೂರದ ಮೂಲೆಯವರು ಗೊಂಬೆ. ತನುಜಳ ಸ್ಕೂಲಿನ ನರಸಿಂಹಮೂರ್ತಿ ಮೇಷ್ಟ್ರು ಹೆಂಡತಿ ಜೊತೆ ಒಳಗೆ ಹೋದಾಗ ಗಂಗುಲಪ್ಪ ಕಿಂಡಿಗೆ ಕಣ್ಣಿಟ್ಟ. ಇಟ್ಟವನು ತೆಗೆಯಲೇ ಇಲ್ಲ. ಅವರು ಹೊರಗೆ ಬರುವುದನ್ನೇ ಕಾದು, ಯಾರೂ ಕರೆಯದಿದ್ದರೂ ತಾನೇ ಹೆಂಡತಿಯ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದ. ತಾನು ಯಾವ ಮೂಲೆಯಲ್ಲಿ ನಿಲ್ಲಬೇಕೆಂದು ಹಿರಿಯರನ್ನು ಎರಡೆರಡು ಸಲ ಕೇಳಿ ಖಾತರಿ ಮಾಡಿಕೊಂಡ.

ತನುಜ ಕಿಂಡಿಯಿಂದ ಫೋಟೊ ತೆಗೆದಳು. ಗಂಗುಲಪ್ಪ ಓಡಿ ಬಂದು ಕ್ಯಾಮೆರಾದ ಹಿಂದಿನ ಪುಟ್ಟ ಪರದೆ ನೋಡಿದ. ಅವನ ತಲೆ ಸೂರಿಗೆ ತಾಗುತ್ತಿತ್ತು. ಕೊಂಡಮ್ಮ ಅವನ ಮಂಡಿಯ ಹತ್ತಿರ ಒಂದು ಪುಟಾಣಿ. ಅವನು ಹಿಗ್ಗಿ ಹೀರೇಕಾಯಿಯಾದ. ಬಯ್ಯಪ್ಪ ಇದನ್ನು ನೋಡಬೇಕು, ಗೂಡಿನ ಮಾರುಕಟ್ಟೆಯವರೆಲ್ಲ ನೋಡಬೇಕು ಎಂದು ಕುಣಿದಾಡಿದ. ಕೊಂಡಮ್ಮನಿಗೂ ಹೊಟ್ಟೆ ತುಂಬಿತು. ಮಗಳಿಗೆ ಕೊಟ್ಟ ಮಾತು ಉಳಿಯಿತಲ್ಲ, ಸೊಟ್ಟ ಕೋಣೆಯೋ ನೆಟ್ಟ ಕೋಣೆಯೋ, ಒಟ್ಟಿಗೆ ನಿಂತದ್ದಂತೂ ಆಯಿತಲ್ಲ ಎಂದುಕೊಂಡಳು.

ಗಂಗುಲಪ್ಪ ಮತ್ತೆ ನೋಡಿದ. ಪರದೆಯನ್ನು ಕಣ್ಣಿಗೆ ಹತ್ತಿರ ತಂದುಕೊಂಡ. ಅವನ ಕುಣಿತ ನಿಂತಿತು.

"ಅಲ್ಲ ಕಣೇ, ಇಲ್ಲಿ ನೀನು ನನ್ನ ಮಂಡೀಗೂ ಬರಲ್ಲ. ಇಲ್ಲೂ ಯಾಕೆ ಬಗ್ಗಿ ನಿಂತಿದ್ದೀಯ?"

ಕೊಂಡಮ್ಮ ನೋಡಿದಳು. ಹೌದು, ಹೆಗಲು ಮುಂದೆ, ಕತ್ತು ಒಳಗೆ. ಅವಳಿಗೆ ಗೊತ್ತೇ ಆಗಿರಲಿಲ್ಲ.

"ಅಭ್ಯಾಸ ಆಗೋಗಿದೆ ಮಾವ," ಎಂದಳು.

"ಬೆನ್ನು ನೋವಲ್ವಾ ಮತ್ತೆ?"

"ನೋವು ಯಾವತ್ತಿತ್ತು? ನಾನು ನೆಟ್ಟಗೆ ನಿಂತ್ರೆ ಜನ ನಿನ್ನ ನೋಡಿ ನಗ್ತಾರೆ ಅಂತ ಬಗ್ಗಿದ್ದು."

ಗಂಗುಲಪ್ಪನ ಕಣ್ಣು ತುಂಬಿದ್ದನ್ನು ಕೊಂಡಮ್ಮ ನೋಡಿದಳು, ಅವಳದೂ ತುಂಬಿತು. ಆಮೇಲೆ ಅವನು ಮತ್ತೆ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಈ ಸಲ ಅವಳನ್ನು ಹತ್ತಿರದ ಮೂಲೆಯಲ್ಲಿ ನಿಲ್ಲಿಸಿ, ತಾನು ದೂರದ ಮೂಲೆಗೆ ನಡೆದ. ನೆಟ್ಟಗೆ ನಿಂತ್ಕೊ ಎಂದು ಅಲ್ಲಿಂದಲೇ ಗದರಿದ. ಕೊಂಡಮ್ಮ ಹೆಗಲು ಹಿಂದಕ್ಕೆ ಎಳೆದಳು. ಎಷ್ಟೋ ವರ್ಷದ ಮೇಲೆ ಕತ್ತು ಮೇಲೆದ್ದಿತು, ತಲೆ ಹೋಗಿ ಸೂರಿಗೆ ತಾಗಿತು. ಈ ಫೋಟೊದಲ್ಲಿ ಗಂಗುಲಪ್ಪ ಅಂಗೈ ಮೇಲಿಟ್ಟುಕೊಳ್ಳುವಷ್ಟು ಚಿಕ್ಕವನು. ಅದನ್ನು ನೋಡಿ ಮೊದಲು ನಕ್ಕವನು ಅವನೇ. ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ನೋಡೇ ತನುಜ, ನಿಮ್ಮಮ್ಮ ನನ್ನನ್ನ ಸೆರಗಲ್ಲಿ ಕಟ್ಕೊಂಡು ಹೋಗ್ಬಹುದು ಎಂದು ಕಣ್ಣೀರು ಬರುವವರೆಗೆ ನಕ್ಕ. ಇಷ್ಟು ವರ್ಷ ಹೆದರಿದ್ದು ಇದಕ್ಕೇನಾ ಅನ್ನಿಸಿರಬೇಕು.

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಗಂಗುಲಪ್ಪ ಮುಂದೆ ಹೋಗಲಿಲ್ಲ. ನೀರಿನ ಅಂಚಿನವರೆಗೆ ಹೆಂಡತಿಯ ಪಕ್ಕದಲ್ಲೇ ನಡೆದು, ಸಮುದ್ರಕ್ಕೆ ಬೆನ್ನು ಹಾಕಿ ನಿಂತ. ಇನ್ನೊಂದು ತೆಗಿಯಮ್ಮ, ಇದು ಕಣ್ಕಟ್ಟಿಲ್ಲದ್ದು ಎಂದು ಮಗಳಿಗೆ ಹೇಳಿದ. ತನುಜ ಗೌರಿಬಿದನೂರಿಗೆ ತೆಗೆದುಕೊಂಡು ಹೋದದ್ದು ಅದನ್ನೇ. ಅದರಲ್ಲಿ ಗಂಗುಲಪ್ಪ ಕೊಂಡಮ್ಮನ ಕಿವಿಯ ಮಟ್ಟಕ್ಕೂ ಇಲ್ಲ, ಪೇಟ ಇರಲಿಲ್ಲವಲ್ಲ. ಇಬ್ಬರ ಮುಖದಲ್ಲೂ ಹಲ್ಲೆಲ್ಲ ಕಾಣುತ್ತಿವೆ.

ಊರಿಗೆ ಬಂದ ಮೇಲೆ ಒಂದೇ ತೊಂದರೆಯಾಯಿತು. ಹುಳದ ಮನೆಯ ಬಾಗಿಲು ಗಿಡ್ಡ. ಬಗ್ಗಿ ಓಡಾಡಿದಷ್ಟು ಕಾಲ ಕೊಂಡಮ್ಮನಿಗೆ ಅದು ಅಡ್ಡಿಯಾಗಿರಲಿಲ್ಲ. ಈಗ ಸೊಪ್ಪಿನ ಬುಟ್ಟಿ ಹಿಡಿದು ನೆಟ್ಟಗೆ ಒಳಗೆ ಹೋಗುವಾಗ ಹಣೆ ಠಣ್ಣೆಂದು ಮೇಲಿನ ಪಟ್ಟಿಗೆ ಬಡಿಯುತ್ತಿತ್ತು. ಎರಡು ಸಲ ಬುಗುಟೆ ಎದ್ದಿತು. ಹಣೆ ನೋಡಲು ಬಂದ ಅಕ್ಕಯಮ್ಮನಿಗೆ ಕಂಡದ್ದು ಬೆನ್ನು. ತನ್ನ ಮುಲಾಮು ಇಷ್ಟು ಚೆನ್ನಾಗಿ ಕೆಲಸ ಮಾಡಿತಾ ಎಂದು ಅವಳು ಬೆರಗಾದಳು.

"ಮುಲಾಮಲ್ಲಕ್ಕ," ಎಂದ ಗಂಗುಲಪ್ಪ. "ನೋವಿದ್ದಿದ್ದು ನನಗೆ. ಇಷ್ಟು ದಿನ ಬಗ್ಗಿದ್ದು ಅವಳು."

ಹಾಗೆಂದವನು ಗೋಣಿಚೀಲ, ಹಳೇ ದುಪ್ಪಟಿ ಸುತ್ತಿ ಮೆತ್ತನೆಯ ದಿಂಡು ಮಾಡಿದ. ಅದು ಬಾಗಿಲ ಪಟ್ಟಿಗೆ ಅಂಟಿ ನಿಲ್ಲಬೇಕಾದರೆ ಹಗ್ಗವನ್ನು ಮೇಲೆ ಸೂರಿನ ತೊಲೆಗೆ ಕಟ್ಟಬೇಕು, ಅಲ್ಲಿಗೆ ಅವನ ಕೈ ಎಟುಕದು. ಬೀದಿಗೆ ಬಂದು, ಎದುರು ಜಗಲಿಯ ಮೇಲೆ ನಾಲ್ಕು ಜನರ ಜೊತೆ ಕೂತಿದ್ದ ಬಯ್ಯಪ್ಪನಿಗೆ ಕೇಳುವ ಹಾಗೆ ಗಟ್ಟಿಯಾಗಿ ಒಂದು ಏಣಿ ಬೇಕು ಎಂದ. ಅಭ್ಯಾಸ ಬಲದಿಂದ ಯಾರೋ, ಗಂಗುಲಪ್ಪನಿಗಾ ಎಂದರು. ಹೌದಪ್ಪ, ನನಗೇ ಎಂದ ಅವನು. ಬಯ್ಯಪ್ಪ ತಾನೇ ಎದ್ದು ಏಣಿ ತಂದು ಗೋಡೆಗೆ ಒರಗಿಸಿದ. ಗಂಗುಲಪ್ಪ ಎಲ್ಲರ ಎದುರಿಗೆ ಪಂಚೆ ಎತ್ತಿ ಕಟ್ಟಿ ಅದನ್ನು ಹತ್ತಿದ. ಕೆಳಗೆ ಕೊಂಡಮ್ಮ ಎರಡೂ ಕೈಯಲ್ಲಿ ಏಣಿ ಹಿಡಿದುಕೊಂಡು, ನೆಟ್ಟಗೆ ನಿಂತಿದ್ದಳು.