ಸೀಟಿಲ್ಲದ ಬೈಕು

ಮದುವೆಯಾದಂದಿನಿಂದ ನಾನು ಬೈಕಿನ ಮೇಲೆ ಕೂತದ್ದು ಅಡ್ಡಲಾಗಿಯೇ. ಎರಡೂ ಕಾಲು ಎಡಕ್ಕೆ, ಬಲಗೈ ಗಂಡನ ಭುಜದ ಮೇಲೆ, ತೊಡೆಯ ಮೇಲೆ ಚೀಲ. ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಗುರುತ್ವ ಕೇಂದ್ರದ ಪಾಠವನ್ನು ಎಷ್ಟು ವರ್ಷ ಮಾಡಿದ್ದೇನೋ ಏನೋ. ಹಾಗೆ ಕೂತವಳು ತಗ್ಗು ದಿನ್ನೆಯಲ್ಲಿ ಯಾವ ಕ್ಷಣದಲ್ಲಾದರೂ ಉರುಳಬಹುದು ಎಂದು ಮಾತ್ರ ಮನೆಯಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ.

ಕೊನೆಗೆ ಉರುಳಿಯೇಬಿಟ್ಟೆ. ಗಂಡನ ಸೋದರತ್ತೆಯ ಮನೆ ದೇವದುರ್ಗದಲ್ಲಿ. ಅವರ ಬಸುರಿ ಸೊಸೆಯ ಕುಬಸಕ್ಕೆ ಹೊರಟಿದ್ದೆವು. ರಸ್ತೆ ಕೆಲಸಕ್ಕೆಂದು ದಾರಿಯುದ್ದಕ್ಕೂ ಜಲ್ಲಿ ಸುರಿದಿದ್ದರು. ಅಂಥಲ್ಲಿ ನನ್ನ ಗಂಡನಿಗೆ ಫೋನು ಬಂತು. ಅವರು ಒಂದು ಕೈ ಬಿಟ್ಟು ಜೇಬಿಗೆ ಹಾಕಿದರು. ಹಿಂದಿನ ಚಕ್ರ ಜಾರಿತು. ಅವರು ಕಾಲೂರಿ ನಿಂತುಕೊಂಡರು. ನಾನು ಜಲ್ಲಿಯ ಮೇಲೆ ಭುಜ ಬಡಿದುಕೊಂಡು ಬಿದ್ದೆ. ಕೊರಳ ಬುಡದ ಎಲುಬು ಮುರಿಯಿತು.

ಆ ನೋವು ಎಂಥದಿತ್ತೆಂದು ಈಗ ನೆನಪಿಲ್ಲ. ಮನೆಗೆ ನೋಡಲು ಬಂದವರಿಗೆಲ್ಲ ಅವರು ಹೇಳುತ್ತಿದ್ದ ಮಾತು ನೆನಪಿದೆ.

"ಆಕಿ ಸರಿಯಾಗಿ ಕುಂತಿರಲಿಲ್ರೀ. ಇಷ್ಟು ವರ್ಷ ಆತು, ಗಾಡಿ ಮ್ಯಾಲ ಕುಂದ್ರಾಕ ಬರಂಗಿಲ್ಲ ಆಕಿಗಿ."

ಬಂದವರು ಗೋಣು ಹಾಕುತ್ತಿದ್ದರು. ಹೆಂಗಸರು ಬಗ್ಗಿ ನನ್ನ ಕಿವಿಯಲ್ಲಿ, "ಗಟ್ಟಿ ಹಿಡ್ಕೋಬೇಕವ್ವಾ" ಎನ್ನುತ್ತಿದ್ದರು. ಗಂಡ ಕೆಲಸ ಮಾಡುವ ಅಕ್ಕಿ ಮಿಲ್ಲಿನ ಜನ, ನೆರೆಯವರು, ನನ್ನ ಶಾಲೆಯ ಮಾಸ್ತರುಗಳು, ನನ್ನ ತವರಿನವರು ಕೂಡ. ಕೈಗೆ ಜೋಳಿಗೆ ಕಟ್ಟಿಕೊಂಡು ಮಂಚದ ಮೇಲೆ ಕೂತ ನಾನು ಫೋನಿನ ವಿಷಯ ಎತ್ತಲಿಲ್ಲ. ಅವರೇ ಎತ್ತಿಯಾರು ಎಂದು ಕಾದೆ. ಒಂದು ದಿನವೂ ಎತ್ತಲಿಲ್ಲ. ನನ್ನ ಸಿಟ್ಟು ಹುಟ್ಟಿದ್ದು ಬಿದ್ದ ದಿನವಲ್ಲ, ಹಾಗೆ ಕಾದ ದಿನಗಳಲ್ಲಿ.

ಎಲುಬು ಕೂಡಿದ ಮೇಲೆ ಭುಜದ ಕಸರತ್ತಿಗಾಗಿ ವಾರಕ್ಕೊಮ್ಮೆ ಬಸ್ಸಿನಲ್ಲಿ ರಾಯಚೂರಿಗೆ ಹೋಗಬೇಕಾಯಿತು. ಒಂದು ಭಾನುವಾರ ಬೆಳಿಗ್ಗೆ ರಾಯಚೂರು ಇನ್ನೇನು ಬಂತು ಎನ್ನುವಾಗ, ರಸ್ತೆ ಪಕ್ಕದ ಗುಂಡುಕಲ್ಲುಗಳ ಮೇಲೆ ಒಬ್ಬ ಮನುಷ್ಯ ಬೈಕಿನ ಸಮೇತ ನಿಂತಿದ್ದು ಕಿಟಕಿಯಿಂದ ಕಂಡಿತು. ಓಡಿಸುತ್ತಿರಲಿಲ್ಲ, ನಿಂತಿದ್ದ. ಎರಡೂ ಕಾಲು ಬೈಕಿನ ಮೇಲೆಯೇ ಇದ್ದವು. ಬೈಕು ಅಲುಗಾಡದೆ ಕಲ್ಲಿನ ನೆತ್ತಿಯ ಮೇಲಿತ್ತು. ಆಮೇಲೆ ಮುಂದಿನ ಚಕ್ರ ಎತ್ತಿ ಪಕ್ಕದ ಕಲ್ಲಿಗೆ ದಾಟಿಬಿಟ್ಟ. ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಲ್ಲಿ ಹಿಂದಕ್ಕೆ ನಡೆದುಬಂದೆ. ಕಸರತ್ತು ಅವತ್ತು ತಪ್ಪಿತು.

ಹತ್ತಿರ ಹೋಗಿ ನೋಡಿದರೆ ಆ ಬೈಕಿಗೆ ಸೀಟೇ ಇರಲಿಲ್ಲ.

"ಸೀಟ್ ಎಲ್ಲದ?" ಎಂದು ಕೇಳಿದೆ.

"ಇದರ ಮ್ಯಾಲ ಯಾರೂ ಕುಂದ್ರಂಗಿಲ್ರೀ," ಎಂದ ಅವನು. "ನಿಂತ ಓಡಸೋದು."

ಅವನಿಗೆ ನಲವತ್ತರ ಆಸುಪಾಸು. ರಾಯಚೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಈ ಆಟಕ್ಕೆ ಟ್ರಯಲ್ಸ್ ಎನ್ನುತ್ತಾರೆಂದು ತಿಳಿಸಿದ. ಇದರಲ್ಲಿ ಯಾರು ಮೊದಲು ಮುಟ್ಟಿದರು ಎಂಬ ಮಾತೇ ಇಲ್ಲ. ಕಲ್ಲುಗಳ ನಡುವೆ ಗುರುತು ಹಾಕಿದ ದಾರಿಯಲ್ಲಿ ಕಾಲೂರದೆ ದಾಟಬೇಕು. ಕಾಲೂರಿದರೆ ಒಂದು ತಪ್ಪು, ಬಿದ್ದರೆ ಐದು. ತಪ್ಪು ಕಡಿಮೆ ಮಾಡಿದವರು ಗೆದ್ದಂತೆ.

"ನನಗ ಕಲಸ್ತೀರೇನು?"

"ನಿಮಗ ಗಾಡಿ ಹೊಡ್ಯಾಕ ಬರ್ತದೇನ್ರಿ?"

"ಇಲ್ಲ."

"ರಸ್ತಾದಾಗ ಹೊಡ್ಯಾಕ ಬರಂಗಿಲ್ಲ, ಕಲ್ಲಿನ ಮ್ಯಾಲ ಹೊಡೀತೀರಿ?"

"ಕುಂದ್ರಾಕ ಬರಂಗಿಲ್ಲ ಅಂತ ಊರೆಲ್ಲ ಹೇಳ್ಯಾರ," ಎಂದೆ. "ನಿಂದ್ರಾಕರ ಬರ್ತದೇನೋ ನೋಡಮು."

ಅವನು ನಕ್ಕ, ನಾನು ನಗಲಿಲ್ಲ. ನನಗಾಗ ಐವತ್ತು ದಾಟಿತ್ತು.

ಹಳೆಯದೊಂದು ಬೈಕು ಕೊಂಡು ಅವನ ಕೈಯಿಂದಲೇ ಸೀಟು ತೆಗೆಸಿದೆ. ಅದನ್ನು ಮನೆಯ ಮುಂದೆ ನಿಲ್ಲಿಸಿದ ದಿನ ನನ್ನ ಗಂಡ ಸುತ್ತು ಹಾಕಿ ನೋಡಿ, "ಇದೇನು ಗುಜರಿ?" ಎಂದರು. ವಿಷಯ ತಿಳಿದ ಮೇಲೆ, "ಪ್ಯಾಂಟ್ ಹಾಕ್ಕೊಂಡು ಗುಡ್ಡ ಹತ್ತಾಕಿ ನೀನು? ಮಂದಿಗಿ ನಾ ಹ್ಯಾಂಗ ಮುಖ ತೋರಸ್ಲಿ?" ಎಂದರು. ನನ್ನ ಮುರಿದ ಎಲುಬು ಇಟ್ಟುಕೊಂಡೇ ಊರಿಗೆಲ್ಲ ಮುಖ ತೋರಿಸಿದ್ದ ಮನುಷ್ಯ.

ಭಾನುವಾರಗಳಲ್ಲಿ ಅವನು ರಾಯಚೂರಿನಿಂದ ಬರುತ್ತಿದ್ದ, ನಾನು ನಮ್ಮೂರ ಹತ್ತಿರದ ನೀರಮಾನ್ವಿಯ ಗುಡ್ಡದ ಬುಡದಲ್ಲಿ ಕಲಿಯತೊಡಗಿದೆ. ಎಲ್ಲಮ್ಮನ ಗುಡಿಗೆ ಬಂದವರು ನಿಂತು ನೋಡುತ್ತಿದ್ದರು. ಕೆಲವರು ನನಗೆ ಕೈಮುಗಿದದ್ದೂ ಉಂಟು. ಮೈಮೇಲೆ ದೇವರು ಬಂದಿದೆ ಅಂದುಕೊಂಡಿದ್ದರೋ ಏನೋ. ಮೊದಮೊದಲು ಸಪಾಟು ನೆಲದಲ್ಲಿ ನಿಲ್ಲುವುದೇ ಆಗುತ್ತಿರಲಿಲ್ಲ. ಬೈಕು ಎಡಕ್ಕೆ ವಾಲಿದರೆ ಮೈ ಬಲಕ್ಕೆ ಹೋಗಬೇಕು ಎಂದು ತಲೆಗೆ ಗೊತ್ತು. ಮೊಣಕಾಲಿಗೆ ಗೊತ್ತಿರಲಿಲ್ಲ. ಮೀನಖಂಡಗಳು ನಡುಗುತ್ತಿದ್ದವು. ಸೋಮವಾರ ತರಗತಿಯಲ್ಲಿ ಕರಿಹಲಗೆಯ ಮೇಲಕ್ಕೆ ಕೈ ಎತ್ತಲಾಗದೆ ಅರ್ಧಕ್ಕೇ ಬರೆಯುತ್ತಿದ್ದೆ.

ದೊಡ್ಡ ಕಷ್ಟವೆಂದರೆ ನನ್ನ ಬಲಗೈ. ಕಲ್ಲು ಎದುರಿಗೆ ಬಂದ ಕೂಡಲೇ ಆ ಕೈ ವೇಗ ಏರಿಸುವ ರೇಸನ್ನು ಹರಿದುಬೀಳುವಂತೆ ತಿರುವುತ್ತಿತ್ತು. ಅದರ ಜೊತೆಗೆ ಎಡಗೈ ಕ್ಲಚ್ಚನ್ನು ಒಮ್ಮೆಲೇ ಬಿಟ್ಟುಬಿಡುತ್ತಿತ್ತು. ಬೈಕು ಹೋರಿಯಂತೆ ಎಗರಿ ನನ್ನನ್ನು ಕೆಡವುತ್ತಿತ್ತು.

"ಯಾರ ಮ್ಯಾಲ ಸಿಟ್ಟು ಮಾಡ್ಕೊಂಡ್ ಬಂದೀರಿ ಅಕ್ಕೋರ?" ಎಂದ ಕಲಿಸುವವನು ಒಂದು ದಿನ.

"ನಿಮಗ್ಯಾಕ ಬೇಕು ಅದು?"

"ನನಗ ಬ್ಯಾಡ್ರಿ. ಸಿಟ್ಟಿದ್ರ ಇರ್ಲಿ. ಆದ್ರ ಕ್ಲಚ್ಚಿನ ಬೆರಳಿಗಿ ಅದನ್ನ ಹೇಳಬ್ಯಾಡ್ರಿ."

ಅವತ್ತು ಅವನ ಮೇಲೂ ಕೆಂಡವಾದೆ. ಸಿಟ್ಟು ಬಿಡು, ಮನಸ್ಸು ಶಾಂತ ಮಾಡಿಕೋ ಎಂದು ಹೆಂಗಸರಿಗೆ ಹೇಳದವರು ಯಾರಿದ್ದಾರೆ? ಸಂಜೆ ಬೈಕು ತಳ್ಳಿಕೊಂಡು ರಸ್ತೆಗೆ ಬರುವಾಗ ಅನ್ನಿಸಿತು, ಅವನು ಬಿಡು ಎಂದಿರಲೇ ಇಲ್ಲ. ಇರಲಿ ಎಂದಿದ್ದ. ಮುಂದಿನ ವಾರ ಎಡಗೈಯ ಒಂದೇ ಬೆರಳಲ್ಲಿ ಕ್ಲಚ್ಚು ಹಿಡಿದು, ಹಲ್ಲು ಕಚ್ಚಿಕೊಂಡೇ, ಮೊಣಕಾಲೆತ್ತರದ ಕಲ್ಲೊಂದನ್ನು ಹತ್ತಿದೆ. ಮೇಲೆ ನಿಂತಾಗ ಕಾಲುವೆಯಾಚೆಯ ಗದ್ದೆಗಳೆಲ್ಲ ಕಂಡವು. ಇಳಿಯುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ.

ಹೀಗೆ ಎರಡು ಬೇಸಿಗೆ ಕಳೆದ ಮೇಲೆ ದೇವದುರ್ಗದ ಹತ್ತಿರದ ಕಲ್ಲುಗುಡ್ಡದಲ್ಲಿ ಒಂದು ಪೈಪೋಟಿ ಇಟ್ಟರು. ಸುತ್ತಮುತ್ತಲ ಜಿಲ್ಲೆಗಳಿಂದ ಗಂಡಸರು ಬಂದಿದ್ದರು. ಹೆಂಗಸೆಂದರೆ ನಾನೊಬ್ಬಳೇ. ನಡೆಸುವವರ ಮುಂದಾಳು ಒಬ್ಬ ಹಿರಿಯ ವ್ಯಾಪಾರಿ. ನನ್ನನ್ನು ಕಂಡವರೇ ಕೈಮುಗಿದು ವೇದಿಕೆಗೆ ಕರೆದು ಶಾಲು ಹೊದಿಸಿದರು. ದೀಪ ಹಚ್ಚಿಸಿದರು. ಮೈಕಿನಲ್ಲಿ "ಮಾತೃಶಕ್ತಿ" ಎಂದರು. ಕೆಳಗಿಳಿದು, ಬೈಕಿಗೆ ಹಚ್ಚುವ ನನ್ನ ಪೈಪೋಟಿ ನಂಬರು ಕೊಡಿ ಎಂದೆ.

"ನೀವು ಫೋಟೋಕ್ಕ ಒಂದ್ಸಲ ಬೈಕ್ ಮ್ಯಾಲ ನಿಂದ್ರಿ ಯವ್ವಾ, ಸಾಕು. ಕಲ್ಲು ಭಾಳ ಖತರ್ನಾಕ್ ಅದಾವ."

"ನಾ ಓಡಸಾಕ ಬಂದೀನ್ರಿ."

"ನಿಮ್ಮ ಯಜಮಾನ್ರನ್ನ ಒಂದ್ ಮಾತು ಕೇಳಿಬಿಡಮು."

"ಇಲ್ಲಿ ನಿಂತ ಗಂಡಸ್ರು ಎಲ್ಲಾರೂ ಹೇಣ್ತ್ಯಾರನ್ನ ಕೇಳಿ ಬಂದಾರೇನ್ರಿ?"

ಸುತ್ತಲಿದ್ದವರು ಗೊಳ್ಳೆಂದರು. ನಾನು ನಗಿಸಲು ಹೇಳಿರಲಿಲ್ಲ. ಆ ವ್ಯಾಪಾರಿ ಆಗಲೇ ನನ್ನ ಅರ್ಜಿಯಲ್ಲಿದ್ದ ಗಂಡನ ನಂಬರಿಗೆ ಫೋನು ಹಚ್ಚಿದ್ದರು, ಎಲ್ಲರಿಗೂ ಕೇಳುವಂತೆ. ನನ್ನ ಗಂಡನ ದನಿ ಅಷ್ಟು ಜನರ ನಡುವೆ ಬಂತು.

"ಓಡಸ್ತಿದ್ರ ಓಡಸ್ಲಿ. ಬಿದ್ರ ನಾ ಜವಾಬ್ದಾರ ಅಲ್ಲ, ಅಷ್ಟ ಹೇಳ್ರಿ ಆಕಿಗಿ."

ಶಾಲು ತೆಗೆದು ಕುರ್ಚಿಯ ಮೇಲಿಟ್ಟೆ. ಕಲಿಸುವವನು ದೂರ ನಿಂತು ತನ್ನ ಎಡಗೈ ಬೆರಳನ್ನು ಆಡಿಸಿ ತೋರಿಸಿದ.

ಮೊದಲ ಕಲ್ಲು ಒಂದೂ ತಪ್ಪಿಲ್ಲದೆ ದಾಟಿದೆ. ಎರಡನೆಯದು ಎರಡು ಗುಂಡುಗಳ ನಡುವಿನ ಸಂದು. ಹ್ಯಾಂಡಲ್ ತಾಗಿ ಕಾಲೂರಿದೆ. ಮೂರನೆಯದು ಸೊಂಟದೆತ್ತರದ ಬಂಡೆ. ಮುಂದಿನ ಚಕ್ರ ಹತ್ತಿತು, ಹಿಂದಿನದು ಹತ್ತಲಿಲ್ಲ. ಬೈಕು ಹಿಂದಕ್ಕೆ ಮಗುಚಿ ನನ್ನ ಕಾಲ ಮೇಲೆ ಬಿತ್ತು. ಜನ "ಅಯ್ಯೋ" ಎಂದು ಓಡಿಬಂದರು.

"ಯಾರೂ ಕೈ ಹಚ್ಚಬ್ಯಾಡ್ರಿ!" ಎಂದು ಕಿರುಚಿದೆ. ಅಂಥ ದನಿ ನನ್ನಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ. ಎದ್ದು ಬೈಕೆತ್ತಿ, ಉಳಿದ ದಾರಿಯನ್ನೆಲ್ಲ ಬಿದ್ದೋ ಎದ್ದೋ ಮುಗಿಸಿದೆ. ಕೊನೆಗೆ ನನಗಿಂತ ಹೆಚ್ಚು ತಪ್ಪು ಮಾಡಿದ ಇಬ್ಬರು ಗಂಡಸರಿದ್ದರು. ಅವರಿಗೆ ಯಾರೂ ಶಾಲು ಹೊದಿಸಿರಲಿಲ್ಲ.

ಯಾರೋ ತೆಗೆದ ವಿಡಿಯೋ ನನಗಿಂತ ಮೊದಲು ಮಾನ್ವಿ ಮುಟ್ಟಿತ್ತು. ಅದರಲ್ಲಿ ನಾನು ಬೀಳುವುದಿರಲಿಲ್ಲ, ಮೊದಲ ಕಲ್ಲು ದಾಟುವುದಷ್ಟೇ ಇತ್ತು. ಊರು ಹೊಗಳತೊಡಗಿತು. ಕೆಲವು ದಿನಗಳ ನಂತರ ದೇವದುರ್ಗದ ಸೋದರತ್ತೆ ಮತ್ತು ಅವರ ಮನೆಯವರು ಬಂದಿದ್ದರು. ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಪಡಸಾಲೆಯಿಂದ ಗಂಡನ ಮಾತು ಕೇಳಿಸಿತು.

"ನಾನ ಕಲಿಸೀನ್ರೀ. ಮೊದ್ಲು ಕುಂದ್ರಾಕೂ ಬರ್ತಿರಲಿಲ್ಲ ಆಕಿಗಿ."

ಸೋಸಣಿಗೆ ಕೈಯಲ್ಲೇ ಇತ್ತು. ಹಾಗೆಯೇ ಹೊರಗೆ ಬಂದೆ.

"ಇವರು ಕಲಿಸಿಲ್ಲ," ಎಂದೆ. "ನನ್ನ ಕೆಡವ್ಯಾರ. ಜಲ್ಲಿ ಮ್ಯಾಲ ಒಂದ್ ಕೈ ಬಿಟ್ಟು ಫೋನ್ ತಗ್ಯಾಕ ಹೋಗಿ ಕೆಡವಿದ್ರು. ನಾ ಸರಿಯಾಗೇ ಕುಂತಿದ್ದೆ."

ಗಂಡ ಎದ್ದುನಿಂತರು. "ಮಂದಿ ಮುಂದ ಹಿಂಗ ಮಾತಾಡ್ತೀಯೇನು?"

"ನೀವು ಮಂದಿ ಮುಂದ ಹೇಳಿದ್ರಿ. ನಾ ಮಂದಿ ಮುಂದನ ಹೇಳ್ತೀನಿ."

ಸೋದರತ್ತೆ ನೆಲ ನೋಡುತ್ತಾ, "ಅವತ್ತ ಹೇಳಬೇಕಿತ್ತಲ್ಲಬೇ ನೀನು," ಎಂದರು.

"ಅವತ್ತ ನೀವು ಯಾರು ನನ್ನ ಕೇಳಿದ್ರಿ ಅತ್ತೀ?"

ಚಹಾ ಕೊಟ್ಟೆ, ಕುಡಿದು ಹೋದರು. ಆಮೇಲೆ ಮನೆಯಲ್ಲಿ ಊಟಕ್ಕೆ ಬನ್ನಿ, ಸಾಕು ಎಂಬಷ್ಟೇ ಮಾತು. ನನಗೆ ಹಗುರಾಗಿತ್ತೆಂದು ಬರೆದರೆ ಸುಳ್ಳಾದೀತು. ಹೇಳಿದ ಮೇಲೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನನ್ನದು ಏರಿತು. ಇಷ್ಟು ಸಣ್ಣ ಮಾತು ಹೇಳಲು ನಾನು ಗುಡ್ಡ ಹತ್ತಿ ಬರಬೇಕಾಯಿತಲ್ಲ ಎಂದು.

ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದೆ. ಅವರು ಬಾಗಿಲಲ್ಲಿ ಬಂದು ನಿಂತು, "ಫೋನ್ ಬಂದಿತ್ತು, ಖರೆ," ಎಂದರು.

ರೊಟ್ಟಿ ಹಂಚಿಗೆ ಹಾಕಿ ನೀರು ಸವರಿದೆ.

"ಅದು ನನಗ ಗೊತ್ತದ. ಯಾರ್ಯಾರಿಗಿ ಸುಳ್ಳು ಹೇಳೀರಿ, ಅವರಿಗಿ ಹೇಳ್ರಿ."

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ನಮ್ಮ ಪಕ್ಕದ ಮನೆಯಾಕೆಗೆ ಹೇಳಿದರೆಂದು ಆಕೆಯಿಂದಲೇ ತಿಳಿಯಿತು. ಕುರ್ಡಿಯಲ್ಲಿರುವ ನನ್ನ ತಮ್ಮನಿಗೂ ಫೋನು ಮಾಡಿ ಹೇಳಿದ್ದಾರೆ. ಅಕ್ಕಿ ಮಿಲ್ಲಿನವರಿಗೆ ಇನ್ನೂ ಹೇಳಿಲ್ಲ.