ಜಿಗಿ ಹೋದ ಹಿಟ್ಟು

ಭಾಗೀರಥಿಯನ್ನು ತಂಡದಿಂದ ತೆಗೆದವನು ನಾನೇ. ಆಗ ನಾನು ನೇಸರಗಿ ಹೈಸ್ಕೂಲಿನ ಪಿ.ಟಿ. ಮಾಸ್ತರ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ೧೯೯೨ರಲ್ಲಿ ಬೈಲಹೊಂಗಲದಲ್ಲಿ ಹುಡುಗಿಯರ ಖೋ-ಖೋ ಫೈನಲ್. ಕೊನೆಯ ನಿಮಿಷದಲ್ಲಿ ಒಂದೇ ಪಾಯಿಂಟು ಬೇಕಿತ್ತು. ಕೂತವಳ ಬೆನ್ನು ಮುಟ್ಟಿ "ಖೋ" ಎನ್ನಬೇಕಾದ ಈ ಮಹಾರಾಯಿತಿ ಅವಸರದಲ್ಲಿ "ತಗೋ" ಎಂದುಬಿಟ್ಟಳು! ಹೊಲಕ್ಕೆ ಹೋಗುವವರಿಗೆ ದಿನವೂ ಬುತ್ತಿ ಕೊಟ್ಟು ರೂಢಿಯಾದ ಬಾಯಿ. ಅಂಪೈರ್ ಸೀಟಿ ಊದಿದ, ಫೌಲು, ಸೋತೆವು. ಇನ್ನು ಮೈದಾನದ ಕಡೆ ತಲೆ ಹಾಕಬೇಡ ಎಂದು ಎಲ್ಲರೆದುರು ಅವಳನ್ನು ಬೈದೆ. ಮರುದಿನ ಬೆಳಿಗ್ಗೆ ಆರಕ್ಕೇ ಬಂದು ಗೆರೆಯ ಆಚೆ ಕೂತಿದ್ದಳು. ಹದಿನೈದು ದಿನ ಹಾಗೇ ಕೂತಳು. ಕೊನೆಗೆ ನಾನೇ ಒಳಗೆ ಕರೆದೆ.

ಮರುವರ್ಷ ಸವದತ್ತಿಯಲ್ಲಿ ಸೆಮಿಫೈನಲ್. ಕಂಬದ ಹತ್ತಿರ ತಿರುಗುವಾಗ ಅವಳ ಮೊಣಕಾಲು ಉಳುಕಿತು, ಆಟ ಅಲ್ಲಿಗೇ ನಿಂತಿತು. ಊರಲ್ಲೇ ಮದುವೆಯಾಯಿತು. ಗಂಡ ಲಾರಿ ಡ್ರೈವರ್, ತಿಂಗಳಿಗೊಮ್ಮೆ ಬಂದರೆ ಬಂದ. ಹೊಲಿಗೆ ಅಂಗಡಿ ಇಟ್ಟಳು, ರೆಡಿಮೇಡ್ ಬಟ್ಟೆ ಬಂದು ಗಿರಾಕಿಗಳು ಹೋದರು. ಬಸ್ ನಿಲ್ದಾಣದ ಬಳಿ ಖಾನಾವಳಿ ತೆಗೆದಳು, ರಸ್ತೆ ಅಗಲ ಮಾಡುವವರು ಬಂದು ಕಿತ್ತು ಹಾಕಿದರು. ೨೦೦೪ರಲ್ಲಿ ರೊಟ್ಟಿ ಮಾರುತ್ತೇನೆ ಎಂದಾಗ ಅತ್ತೆ ಸಿದ್ದಲಿಂಗವ್ವ ಖಡಾಖಂಡಿತವಾಗಿ ಹೇಳಿದರು: "ಇದೊಂದ ಸಲ ನೋಡವಾ. ಇದೂ ಕೈ ಹತ್ತಲಿಲ್ಲಂದ್ರ ಈ ಮನ್ಯಾಗ ವ್ಯಾಪಾರದ ಮಾತ ಎತ್ತಬ್ಯಾಡ."

ಬೈಲಹೊಂಗಲದ ಒಂದು ಹಾಸ್ಟೆಲ್ಲಿಗೆ ಅವಳ ಹೆಸರು ಹೇಳಿದವನೂ ನಾನೇ. ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿಗೆ ನಾನೂರು ಬಿಸಿ ರೊಟ್ಟಿ ಕೊಟ್ಟು ತೋರಿಸಬೇಕು, ಸರಿ ಕಂಡರೆ ವರ್ಷವಿಡೀ ಆರ್ಡರ್ ಅವಳದೇ.

ಆ ದಿನ ಬೆಳಿಗ್ಗೆ ಏಳಕ್ಕೆ ನಾನು ಸ್ಕೂಟರ್ ತಗೊಂಡು ಹೋದೆ. ಅಡುಗೆಮನೆಯಲ್ಲಿ ಅತ್ತೆ, ಸೊಸೆ, ಓಣಿಯ ಇಬ್ಬರು ಹೆಂಗಸರು. ಮೂಲೆಯಲ್ಲಿ ಹರಿದ ರೊಟ್ಟಿಗಳ ರಾಶಿ.

"ಜಿಗಿ ಹೋಗೇತ್ರಿ ಸರ," ಎಂದಳು ಭಾಗೀರಥಿ.

ನಾನು ಅವಳ ಮೊಣಕಾಲು ನೋಡಿದೆ. ಜನ್ಮವೆಲ್ಲ ಮೈದಾನದಲ್ಲಿ "ಜಿಗಿ, ಜಿಗಿ" ಎಂದು ಒದರಿದವನಿಗೆ ಹಿಟ್ಟಿಗೂ ಜಿಗಿ ಇರುತ್ತದೆಂದು ಹೊಳೆಯಲೇ ಇಲ್ಲ. ಜೋಳದ ಹಿಟ್ಟು ಹಳತಾದರೆ ಅದರ ಅಂಟು ಹೋಗುತ್ತದೆ. ಬಡಿಯುತ್ತಿದ್ದಂತೆ ಅಂಚು ಸೀಳುತ್ತದೆ, ಹಂಚಿಗೆ ಹಾಕುವಾಗ ಎರಡು ತುಂಡು. ಇದು ಅವಳಿಗೆ ತಿಳಿಯದ್ದೇನಲ್ಲ. ಆದರೆ ಆ ದಿನವೇ ಕರೆಂಟು ಹೋಗಿ ಗಿರಣಿ ನಿಂತರೆ ಎಂಬ ಹೆದರಿಕೆಗೆ ಹನ್ನೆರಡು ದಿನ ಮುಂಚೆಯೇ ಜೋಳ ಬೀಸಿಸಿ ಇಟ್ಟಿದ್ದಳು. ಅಷ್ಟು ಸಲ ಪೆಟ್ಟು ತಿಂದವಳು, ಹೆದರದೆ ಏನು ಮಾಡಿಯಾಳು!

ನೀರು ಕುದಿಸಿ, ಕುದಿಯುವ ನೀರಿನಲ್ಲೇ ಹಿಟ್ಟು ಕಲಸತೊಡಗಿದಳು. ಅಂಗೈ ಕೆಂಪಾಗಿ ಊದಿತು. ರೊಟ್ಟಿ ಹರಿಯುವುದು ನಿಂತಿತು, ಆದರೆ ಕೆಲಸ ನಿಧಾನವಾಯಿತು. ನಾನು ಗಡಿಯಾರ ನೋಡುವುದು, ಅವರು ನನ್ನ ಮುಖ ನೋಡುವುದು. ಹತ್ತೂವರೆಗೆ ಎಣಿಸಿದರೆ ನೂರಾ ತೊಂಬತ್ತು. ಶೇಂಗಾ ಚಟ್ನಿಯ ಡಬ್ಬಿಯನ್ನೂ ಬುಟ್ಟಿಯಲ್ಲಿಟ್ಟು ಹೊರಟೆವು.

ದಾರಿಯಲ್ಲಿ ನಾನು ನೂರು ನೆಪ ಯೋಚಿಸಿದೆ. ಅವಳು ಒಂದನ್ನೂ ಹೇಳಗೊಡಲಿಲ್ಲ. ಹಿಟ್ಟು ಹಳೇದು, ತಪ್ಪು ನನ್ನದು, ಉಳಿದದ್ದು ಸಂಜೆಗೆ ತರುತ್ತೇನೆ ಎಂದು ಹಾಸ್ಟೆಲ್ ಸೂಪರಿಂಟೆಂಡೆಂಟರಿಗೆ ನೇರವಾಗಿ ಹೇಳಿದಳು. ಅವರು, ಇನ್ನೂರು ಹುಡುಗರು ತಾಟು ಹಿಡಿದು ನಿಲ್ಲುವ ಹೊತ್ತಾಯಿತು, ಅರ್ಧ ಜನಕ್ಕೆ ಹೇಗೆ ಬಡಿಸಲಿ ಎಂದು ಅನ್ನಕ್ಕೆ ಇಡಿಸಿದರು. ಆರ್ಡರ್ ಹೋಯಿತು. ತುಂಬಿದ ಬುಟ್ಟಿಯನ್ನು ಮತ್ತೆ ಸ್ಕೂಟರಿಗೆ ಕಟ್ಟಿದೆ.

ಹಿಂದೆ ಕೂತವಳು ಬೈಲಹೊಂಗಲದ ಬಸ್ ನಿಲ್ದಾಣದ ಹತ್ತಿರ ಸ್ಕೂಟರ್ ನಿಲ್ಲಿಸಲು ಹೇಳಿದಳು. ಹೊರಗಿನ ಬೇವಿನ ಮರದ ಕೆಳಗೆ ಬುಟ್ಟಿ ಇಟ್ಟು ಬಟ್ಟೆ ಸರಿಸಿದಳು.

"ನೀವು ಕೂಗ್ರಿ ಸರ. ನಿಮ್ಮ ದನಿ ದೊಡ್ಡದೈತಿ."

ಹೋಗಿ ಬರುವವರಲ್ಲಿ ನನ್ನ ಶಿಷ್ಯರೇ ಹತ್ತು ಮಂದಿ. ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸಿತು. ಆದರೂ ಕೂಗಿದೆ, "ಬಿಸಿ ರೊಟ್ಟಿ, ಬಿಸಿ ರೊಟ್ಟಿ."

"ಬಿಸಿ ಅನಬ್ಯಾಡ್ರಿ," ಎಂದಳು ಮೆಲ್ಲಗೆ. "ಆರ್ಯಾವ."

ಮೊದಲ ಅರ್ಧ ತಾಸು ಯಾರೂ ಹತ್ತಿರ ಸುಳಿಯಲಿಲ್ಲ. ರಾಮದುರ್ಗದ ಬಸ್ಸಿನಿಂದ ಇಳಿದ ಮುದುಕಿಯೊಬ್ಬಳು ಎರಡು ರೊಟ್ಟಿ ತಗೊಂಡು ಅಲ್ಲೇ ಕೂತು ಚಟ್ನಿ ಹಚ್ಚಿ ತಿಂದಳು. ಅವಳನ್ನು ನೋಡಿ ಮತ್ತಿಬ್ಬರು ಬಂದರು. ಮೂರು ಗಂಟೆಗೆ ಬುಟ್ಟಿಯಲ್ಲಿ ನಾಲ್ಕು ಉಳಿದವು. ಅವನ್ನು ನಾವಿಬ್ಬರೂ ತಿಂದೆವು. ಊದಿದ ಕೈಯಲ್ಲಿ ತುತ್ತು ಮುರಿಯಲು ಅವಳಿಗೆ ಆಗುತ್ತಿರಲಿಲ್ಲ, ನಾನೇ ಮುರಿದು ಕೊಟ್ಟೆ.

ಅತ್ತೆಗೆ ಏನು ಹೇಳುತ್ತೀ ಎಂದು ಕೇಳಿದೆ.

"ಎಲ್ಲಾ ಮಾರಿದ್ವು ಅಂತೇನಿ. ನಾಳಿಗೂ ಇಲ್ಲೇ ಬರತೇನಿ. ಇವತ್ತ ಸಂಜೀಕ ಹೊಸಾ ಹಿಟ್ಟ ಬೀಸಸಬೇಕ್ರಿ ಸರ."

ಕರೆಂಟು ಹೋದರೆ ಎಂದೆ.

"ಹೋದ್ರ ಹೋಗ್ಲಿ. ಬರೂತನಾ ಗಿರಣಿ ಮುಂದ ಕುಂದರತೇನಿ."