ಲೆಯೋನ್ಸನ ನಾಲಗೆ

ನಮ್ಮ ದೊರ್ದೋನ್ ಸೀಮೆಯ ಕಡೆ ಸೂಪನ್ನು ಪೂರ್ತಿ ಉಂಡು ಮುಗಿಸುವವನು ಶುದ್ಧ ದಡ್ಡ. ತಳದಲ್ಲಿ ನಾಲ್ಕು ಚಮಚ ಉಳಿಸಬೇಕು, ಅದಕ್ಕೆ ಕೆಂಪು ವೈನ್ ಸುರಿಯಬೇಕು, ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಗಟಗಟ ಕುಡಿಯಬೇಕು. ಇದೇ ಶಾಬ್ರೋ. ಇದಕ್ಕೆ ದುಬಾರಿ ವೈನ್ ಸುರಿದರೆ ಊರು ನಗುತ್ತದೆ. ಸಹಕಾರ ಸಂಘದ ಪೀಪಾಯಿಯಿಂದ ಕ್ಯಾನಿನಲ್ಲಿ ಹಿಡಿದು ತಂದು, ಲೇಬಲ್ಲಿಲ್ಲದ ಬಾಟಲಿಗೆ ತುಂಬಿಟ್ಟದ್ದೇ ಆಗಬೇಕು.

ಯಾವ ಪೀಪಾಯಿ ಎಂದು ಹೇಳುವವನು ಲೆಯೋನ್ಸ್. ಕಲ್ಲುಚಪ್ಪಡಿ ಹೊದಿಸಿ ಮನೆಗಳ ಮಾಡು ಕಟ್ಟುತ್ತಿದ್ದವನು, ಓದು ಬರಹ ಅಷ್ಟಕ್ಕಷ್ಟೇ. ಆದರೆ ಮೂವತ್ತೆಂಟು ವರ್ಷಗಳಿಂದ ಪ್ರತಿ ವಸಂತದಲ್ಲೂ ಅವನು ರುಚಿ ನೋಡಿ ಬೆಟ್ಟು ಮಾಡಿದ ಪೀಪಾಯಿಯನ್ನೇ ಓಣಿಯ ಹನ್ನೊಂದು ಮನೆಗಳು ವರ್ಷವಿಡೀ ಕುಡಿಯುತ್ತಿದ್ದವು. ಅವನಿಗಿದ್ದ ಮರ್ಯಾದೆಯೆಲ್ಲ ಆ ನಾಲಗೆಯದು. ಹೆಂಡತಿ ನೊಯೆಮಿಗೆ ಅದು ಚೆನ್ನಾಗಿ ಗೊತ್ತಿತ್ತು.

ಈ ವರ್ಷ ಪೀಪಾಯಿ ಆರಿಸುವ ಮುನ್ನಾದಿನ ಪಕ್ಕದ ಮನೆಯ ಗಾಸ್ಪಾರ್ ಮಧ್ಯಾಹ್ನದ ಊಟಕ್ಕೆ ಬಂದಿದ್ದ. ಬೆಳ್ಳುಳ್ಳಿ ಸೂಪು, ಹಿಂದಿನ ದಿನದ ಬ್ರೆಡ್ಡು, ಆಮ್ಲೆಟ್ಟು. ಮಾತಿನ ಭರದಲ್ಲಿ ನೊಯೆಮಿ ಅಲಮಾರಿನಿಂದ ಕೈಗೆ ಸಿಕ್ಕ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಲೆಯೋನ್ಸ್ ತಳದ ಸೂಪಿಗೆ ಸುರಿದುಕೊಂಡು ಕುಡಿದ. ಮೀಸೆ ಒರೆಸಿಕೊಂಡು, "ಆಹಾ! ಈಗ ಜೀವ ಬಂತು ನೋಡು," ಎಂದ.

ಅಷ್ಟರಲ್ಲಿ ನೊಯೆಮಿಯ ಮೂಗಿಗೆ ಘಾಟು ಬಡಿಯಿತು. ಉಳಿದ ವೈನನ್ನು ಹುಳಿಯಲು ಬಿಟ್ಟು ಅವಳೇ ಮಾಡಿದ್ದ ವಿನೆಗರ್ ಅದು! ಬಾಟಲಿ ತಪ್ಪಿದ್ದು ಹೋಗಲಿ, ಅವನು ಆಹಾ ಅಂದನಲ್ಲ! ಚಳಿಗಾಲದಲ್ಲಿ ಜ್ವರ ಬಂದು ಎದ್ದ ಮೇಲೆ ಉಪ್ಪು ಕಡಿಮೆ ಎಂದು ಅವನು ಒಂದು ದಿನವೂ ಗೊಣಗಿರಲಿಲ್ಲ. ಅದೀಗ ಅವಳಿಗೆ ಹೊಳೆಯಿತು.

"ಇಲ್ಲಿ ಕೊಡು, ನಂಗೂ ಬೇಕು," ಎಂದು ಗಾಸ್ಪಾರ್ ಕೈಚಾಚಿದ.

ನೊಯೆಮಿ ಬಾಟಲಿ ಕಸಿದುಕೊಂಡು, ಅದರ ತಳದಲ್ಲಿದ್ದಷ್ಟನ್ನೂ ತನ್ನ ಬಟ್ಟಲಿಗೆ ಸುರಿದುಕೊಂಡಳು.

"ಅಬ್ಬಾ, ಎಂಥಾ ಹೊಟ್ಟೆಬಾಕಿ!"

"ನನ್ನ ಬಾಟ್ಲಿ, ನನ್ನ ಹೊಟ್ಟೆ. ನಿಂಗೆ ಬೇರೆ ತರ್ತೀನಿ, ಸುಮ್ನೆ ಕೂತ್ಕೋ," ಎಂದು ಒಂದೇ ಉಸಿರಿಗೆ ಕುಡಿದಳು. ಗಂಟಲು ಉರಿದುಹೋಯಿತು, ಕಣ್ಣಲ್ಲಿ ನೀರು ತುಂಬಿತು.

"ಯಾಕೆ, ಅಳ್ತಿದ್ದೀಯಾ?" ಎಂದ ಗಾಸ್ಪಾರ್.

"ಅಷ್ಟು ಚೆನ್ನಾಗಿದೆ ಕಣೋ."

ಗಾಸ್ಪಾರ್ ಹೊರಟುಹೋದ ಮೇಲೆ ನೊಯೆಮಿ ಗಂಡನ ಎದುರು ಕೂತಳು. "ನೀನು ಆಗ ಕುಡಿದದ್ದು ವಿನೆಗರ್."

ಲೆಯೋನ್ಸ್ ಖಾಲಿ ಬಟ್ಟಲನ್ನೇ ನೋಡುತ್ತಿದ್ದ. "ಫೆಬ್ರವರಿಯಿಂದ ಹೀಗೇ ಕಣೇ. ಬಾಯಿಗೆ ಇಟ್ಟದ್ದೆಲ್ಲ ನೀರು. ನಾಳೆ ಮೈ ಸರಿ ಇಲ್ಲ ಅಂದ್ಬಿಡ್ತೀನಿ."

"ಯಾಕೆ? ಮೂವತ್ತೆಂಟು ವರ್ಷ ನಿನ್ನೆದುರಿಗೆ ಕೂತು ನಾನೇನು ಗಾಳಿ ಕುಡಿದ್ನಾ? ನಾನೂ ಬರ್ತೀನಿ. ಚೆನ್ನಾಗಿದ್ರೆ ಕಾಲು ತುಳೀತೀನಿ. ಯಾರಿಗೂ ಗೊತ್ತಾಗಲ್ಲ."

ಮರುದಿನ ಸಹಕಾರ ಸಂಘದಲ್ಲಿ, ಓಣಿಯವರ ಎದುರು, ಲೆಯೋನ್ಸ್ ಎಂದಿನಂತೆ ಲೋಟವನ್ನು ಬೆಳಕಿಗೆ ಹಿಡಿದ, ಮುಕ್ಕಳಿಸಿದ, ಉಗುಳಿದ. ಈ ಸಲ ಮಾತ್ರ ಉಳಿದ ಗುಟುಕನ್ನು ಹೆಂಡತಿಗೆ ದಾಟಿಸಿದ. ನಾಲ್ಕನೇ ಪೀಪಾಯಿಯ ಹತ್ತಿರ ಅವಳು ಕಾಲು ತುಳಿದಳು. ಗಾಸ್ಪಾರ್ ಕ್ಯಾನಿನ ಮುಚ್ಚಳ ತಿರುಗಿಸತೊಡಗಿದ್ದ.

"ತಡಿ," ಎಂದ ಲೆಯೋನ್ಸ್. "ಇದನ್ನ ಆರಿಸಿದ್ದು ನೊಯೆಮಿ. ನನ್ನ ನಾಲಗೆ ಸತ್ತುಹೋಗಿದೆ. ಇನ್ಮೇಲೆ ಇವಳನ್ನೇ ಕೇಳಿ."

ಗಾಸ್ಪಾರ್ ತನ್ನ ಕ್ಯಾನನ್ನು ನೊಯೆಮಿಯ ಮುಂದೆ ಹಿಡಿದ. "ತುಂಬ್ಲಾ?"

"ತುಂಬು," ಎಂದಳು.

ಮಧ್ಯಾಹ್ನ ಲೆಯೋನ್ಸ್ ತಳದ ಸೂಪಿಗೆ ಹೊಸ ವೈನ್ ಸುರಿದುಕೊಂಡ. ಕುಡಿಯಲಿಲ್ಲ. "ಹೇಗಿದೆ ಹೇಳು," ಎಂದ. ಇಷ್ಟು ವರ್ಷಗಳಲ್ಲಿ ಅವಳನ್ನು ಅವನು ಇದನ್ನು ಕೇಳಿದ್ದೇ ಇಲ್ಲ.

ನೊಯೆಮಿ ಅವನ ಬಟ್ಟಲಿನಿಂದ ಒಂದು ಗುಟುಕು ಕುಡಿದಳು. "ಮೊದ್ಲು ಸ್ವಲ್ಪ ಒಗರು. ಆಮೇಲೆ ಬೆಳ್ಳುಳ್ಳಿ. ಕೊನೇಲಿ, ಗಂಟಲ ಹತ್ರ, ಒಂಚೂರು ಸಿಹಿ."

"ಹ್ಞಾಂ," ಎಂದು ಲೆಯೋನ್ಸ್ ಕಣ್ಣು ಮುಚ್ಚಿ ಬಟ್ಟಲೆತ್ತಿದ.